ತಿರುವಿನ ಮನೆ ಇದ್ದ ಜಾಗ

ಬುಸಾನ್
ನವೆಂಬರ್ ೯

ಪ್ರೀತಿಯ ಬುನ್‌ಹೀ ಅಕ್ಕಾ,

ಗಿಮ್ಹೆಗೆ ಹೋದಮೇಲೆ ನಿನ್ನ ಮೊಣಕಾಲು ನೋವು ಕಡಿಮೆಯಾಗಿದೆ ಅಂತ ನಿನ್ನ ಮಗ ಹೇಳಿದ. ಅಲ್ಲಿ ಲಿಫ್ಟ್ ಇದೆಯಲ್ಲ, ಮೆಟ್ಟಿಲ ಸಹವಾಸವಿಲ್ಲ. ವಿಳಾಸ ಕೊಡೋ ಅಂದರೆ, "ಅಮ್ಮ ಓದ್ತಾಳೋ ಇಲ್ವೋ ನಂಗೊತ್ತಿಲ್ಲ ಚಿಕ್ಕಮ್ಮಾ" ಅಂದ. ಫೋನಿನಲ್ಲಿ ನನ್ನ ದನಿ ಕೇಳಿದರೆ ನೀನು ಇಟ್ಟುಬಿಡುತ್ತೀ. ಅದಕ್ಕೇ ಕಾಗದ.

ಕಳೆದ ತಿಂಗಳು ನಮ್ಮನೆಯವರು ತಿಂಡಿಗೆ ಕೂತವರು ಚಮಚ ಕೈಬಿಟ್ಟು ಪಕ್ಕಕ್ಕೆ ವಾಲಿದರು. ಬಾಯಿ ಸೊಟ್ಟಗಾಯಿತು. ಆಂಬುಲೆನ್ಸಿಗೆ ಫೋನ್ ಮಾಡಿದೆ. ಅದು ನೇರ ಮೇಲಕ್ಕೇ ಬಂತು ಅಕ್ಕಾ, ನಮ್ಮ ಗುಡ್ಡದ ಮೇಲಕ್ಕೆ! ಹಿಂದೆಲ್ಲ ಕಾಯಿಲೆಯವರನ್ನು ಬೆನ್ನಮೇಲೆ ಹೊತ್ತು ಇಳಿಸುತ್ತಿದ್ದೆವಲ್ಲ. ಗಾಡಿ ತಿರುಗಿಸಿಕೊಂಡು ನಿಂತದ್ದು ನಿನ್ನ ಅಡುಗೆಮನೆ ಇದ್ದ ಜಾಗದಲ್ಲಿ. ಇನ್ನು ಸ್ವಲ್ಪ ತಡವಾಗಿದ್ದರೆ ಉಳಿಯುತ್ತಿರಲಿಲ್ಲ ಅಂದರು ಡಾಕ್ಟರು. ಆಸ್ಪತ್ರೆಯ ಬೆಂಚಿನ ಮೇಲೆ ಕೂತು ದೇವರನ್ನು ನೆನೆಯಬೇಕಾದವಳು ನಿನ್ನನ್ನು ನೆನೆದು ಅತ್ತೆ.

ಪ್ಯೋ ತಾತನ ಮನೆಗೆ ಬೆಂಕಿ ಬಿದ್ದ ಚಳಿಗಾಲ ನೆನಪಿಗೆ ಬರುತ್ತದೆ. ಅಗ್ನಿಶಾಮಕದ ಗಾಡಿ ಗುಡ್ಡದ ಬುಡದಲ್ಲೇ ಸಿಕ್ಕಿಕೊಂಡಿತು, ಪೈಪು ಮೇಲಿನವರೆಗೆ ಬರಲಿಲ್ಲ. ಕಿಮ್ಚಿಗೆ ಎಲೆಕೋಸು ಉಪ್ಪಲ್ಲಿ ನೆನೆಹಾಕುವ ಟಬ್ಬುಗಳಲ್ಲಿ ಕೈಯಿಂದ ಕೈಗೆ ನೀರು ದಾಟಿಸಿದೆವು. ಎಲ್ಲರಿಗಿಂತ ಮುಂದೆ ನಿಂತವಳು ನೀನು, ಮುಂಗೂದಲು ಸುಟ್ಟು ಕರಕಲಾಗಿತ್ತು. ತಾತ ಉಳಿಯಲಿಲ್ಲ. ಮಣ್ಣು ಮಾಡಿ ಬಂದವರೆಲ್ಲ ವೃದ್ಧರ ಕೂಟದ ಮನೆಯಲ್ಲಿ ತಲೆ ತಗ್ಗಿಸಿ ಕೂತಾಗ ಮೇಜು ಗುದ್ದಿದವಳೂ ನೀನೇ. "ನಾವೆಲ್ಲ ಬೂದಿ ಆದ್ಮೇಲೆ ರಸ್ತೆ ಹಾಕ್ತಾರಂತಾ? ಏಳ್ರೀ ಮೇಲೆ, ಎಲ್ಲಾರೂ ಏಳಿ!"

ಆಮೇಲೆ ಜಿಲ್ಲಾ ಕಚೇರಿಯ ಮುಂದೆ ಎಷ್ಟು ಸಲ ಕೂತೆವು. ನಾಳೆ ಬನ್ನಿ ಅಂದ ಆ ಕನ್ನಡಕದ ಸಾಹೇಬನಿಗೆ ನೀನು, "ನಾಳೆವರೆಗೂ ಇಲ್ಲೇ ಇರ್ತೀವಿ ಕಣಪ್ಪಾ. ಒಲೆ ತಂದಿದೀವಿ, ಮೀನಿನ ಸಾರು ಮಾಡ್ತೀವಿ. ನೀನೂ ಒಂದು ಬಟ್ಟಲು ಕುಡಿ, ಬಡಕಲಾಗಿದೀಯ" ಅಂದಾಗ ಅವನಿಗೇ ನಗು ತಡೆಯಲಿಲ್ಲ. ಗುಡ್ಡದವರು ಅಷ್ಟು ಒಗ್ಗಟ್ಟಾಗಿ ಇದ್ದದ್ದು ಅದೊಂದೇ ಕಾಲ.

ಕೊನೆಗೂ ರಸ್ತೆಯ ನಕ್ಷೆ ಬಂದಾಗ ಗೆರೆ ನಿನ್ನ ಮನೆಯ ನಡುವೆ ಹಾದಿತ್ತು. ಒಂದು ಕಡೆ ಬಂಡೆ, ಇನ್ನೊಂದು ಕಡೆ ಕಂದಕ. ದೊಡ್ಡ ಗಾಡಿ ತಿರುಗುವುದಕ್ಕೆ ಜಾಗ ಅಂತ ಇದ್ದದ್ದು ನಿನ್ನ ಅಂಗಡಿ, ನಿನ್ನ ಮನೆ ಅಷ್ಟೇ. ಬೇರೆ ದಾರಿ ಇದೆಯೇನೋ ಅಂತ ನಾವೂ ಇಂಜಿನಿಯರನನ್ನು ಗುಡ್ಡವೆಲ್ಲ ಸುತ್ತಿಸಿದೆವು, ಸಿಗಲಿಲ್ಲ. ಹಡಗುಕಟ್ಟೆಯ ಕೆಲಸ ಮುಗಿಸಿ ಬಂದು ಭಾವ ಸಿಮೆಂಟಿನ ಚೀಲ ಒಂದೊಂದಾಗಿ ಹೊತ್ತು ತಂದು ಕಟ್ಟಿದ ಮನೆ ಅದು. ಸಭೆಯಲ್ಲಿ ನೀನು ಇನ್ನೊಮ್ಮೆ ನೋಡೋಣ ಅಂದೆ, ಅಷ್ಟೇ. ಅದಕ್ಕೆ ಗುಡ್ಡದ ಸಂಘದ ಅಧ್ಯಕ್ಷ ಮೆಂಗ್, "ರಸ್ತೆ ಬೇಕು ಅಂತ ಕೂಗಿದ್ದು ನೀವೇ ಅಲ್ವಾ ಅಕ್ಕಾ?" ಅಂದ. ಹಿಂದೆ ಯಾರೋ ಕಿಸಕ್ಕೆಂದರು. ಆ ನಗು ನಿನ್ನನ್ನು ಇರಿದದ್ದು ನನಗೆ ಕಾಣಿಸಿತು.

ಒಪ್ಪುವವರು ಕೈ ಎತ್ತಿ ಅಂದಾಗ ನಾನೂ ಎತ್ತಿದೆ. ನೀನು ನನ್ನತ್ತ ತಿರುಗಿದ್ದೇ ನನ್ನ ಕೈ ತಾನಾಗಿ ಇಳಿಯತೊಡಗಿತು. "ಯಾಕೆ ಇಳಿಸ್ತೀಯೆ ಮಾಲ್ಜಾ? ಸರಿಯಾಗಿ ಎತ್ತು, ಹಿಂದಿನೋರಿಗೂ ಕಾಣ್ಲಿ" ಅಂದೆ ನೀನು. ಎತ್ತಿದೆ.

ಅಕ್ಕಾ, ಇವತ್ತು ಕೇಳಿದರೂ ಎತ್ತುತ್ತೇನೆ. ಸುಳ್ಳು ಹೇಳಿ ನಿನ್ನ ಮುಂದೆ ಒಳ್ಳೆಯವಳಾಗಲಾರೆ. ತಾತ ಸತ್ತದ್ದನ್ನು ನೀನೂ ನೋಡಿದ್ದೀಯ, ನಮ್ಮನೆಯವರು ಬದುಕಿದ್ದನ್ನು ನಾನು ನೋಡಿದೆ. ಆದರೆ ರಸ್ತೆ ಬೇಕಿತ್ತು ಅನ್ನುವುದು ಬೇರೆ, ನಿನ್ನನ್ನು ಹಾಗೆ ಕಳಿಸಿದ್ದು ಬೇರೆ. ಇದೇ ಗುಡ್ಡದಲ್ಲಿ ನಿನಗೊಂದು ಮನೆ ಹುಡುಕಿಕೊಡುತ್ತೇವೆ ಅಂತ ಎಲ್ಲರೂ ಹೇಳಿದೆವು. ಒಂದೆರಡು ಮನೆ ನೋಡಿ ದಣಿದೆವು. ನಿನ್ನ ಸಾಮಾನು ಇಳಿದ ದಿನ, ಯಾರಾದರೂ ಹೋಗುತ್ತಾರೆ ಅಂತ ಒಬ್ಬೊಬ್ಬರೂ ಒಳಗೇ ಉಳಿದರು. ನೀನು ಕೆಳಗೆ ತಲುಪುವವರೆಗೂ ನಾನು ಕಿಟಕಿಯ ಪರದೆಯ ಹಿಂದೆ ನಿಂತಿದ್ದೆ. ನೀನು ತಲೆ ಎತ್ತಿ ನೋಡಲಿಲ್ಲ. ನೋಡಿದ್ದರೆ ಓಡಿ ಬರುತ್ತಿದ್ದೆನೋ ಏನೋ, ಗೊತ್ತಿಲ್ಲ.

ರಸ್ತೆ ಉದ್ಘಾಟನೆಯ ದಿನ ರಿಬ್ಬನ್ ಕತ್ತರಿಸಿ, ಅಕ್ಕಿಯ ಕಡುಬು ಹಂಚಿದರು. ನಿನ್ನ ಹೆಸರು ಯಾರ ಬಾಯಲ್ಲೂ ಬರಲಿಲ್ಲ. ನನ್ನ ಬಾಯಲ್ಲೂ.

ನಮ್ಮನೆಯವರನ್ನು ಆಸ್ಪತ್ರೆಯಿಂದ ಕರೆತರುವಾಗ ಟ್ಯಾಕ್ಸಿ ಆ ತಿರುವಿನಲ್ಲಿ ನಿಧಾನವಾಯಿತು. ಈಗ ಅವರ ಮಾತು ಅರ್ಧಂಬರ್ಧ, ಯಾವ ಕಾಲದಲ್ಲಿದ್ದಾರೋ ಅವರಿಗೇ ತಿಳಿಯದು. ಕಿಟಕಿಯಿಂದ ಹೊರಗೆ ನೋಡುತ್ತಾ ಬಗ್ಗಿ ಶೂ ಬಿಚ್ಚತೊಡಗಿದರು. ಯಾಕ್ರೀ ಅಂದೆ. "ಬುನ್‌ಹೀ ಮನೆ ಬಂತಲ್ಲ. ಒಳಗ್ ಹೋಗ್ಬೇಡ್ವಾ?" ಅಂದರು. ಡ್ರೈವರ್ ನಕ್ಕ. ನಾನು ಬಗ್ಗಿ ಮತ್ತೆ ಶೂ ತೊಡಿಸಿದೆ, ಮನೆ ಬರುವವರೆಗೂ ತಲೆ ಎತ್ತಲಿಲ್ಲ.

ಕಿಮ್ಚಿ ಹಾಕುವ ಕಾಲ ಬಂತು. ಉಪ್ಪು ಜಾಸ್ತಿ ಹಾಕಬೇಡ ಅಂತ ಬೈಯುವವರು ಇಲ್ಲದೆ ಹೋದ ವರ್ಷ ಎಲ್ಲ ಉಪ್ಪುಪ್ಪಾಯಿತು. ಮೈ ಬೆಚ್ಚಗೆ ಇಟ್ಟುಕೋ.

ನಿನ್ನ ತಂಗಿಯಂಥವಳು,
ಮಾಲ್ಜಾ

ಮರೆತ ಮಾತು: ಮರೆತದ್ದಲ್ಲ, ಬರೆಯಲು ಧೈರ್ಯ ಬರಲಿಲ್ಲ. ದೊಡ್ಡ ಗಾಡಿ ಬರುವ ರಸ್ತೆಯಾದ ಮೇಲೆ ಗುಡ್ಡದ ಮೇಲೆ ಕಟ್ಟಡದ ಕಂಪನಿಯವರ ಕಣ್ಣು ಬಿದ್ದಿದೆ. ಎತ್ತರದ ಅಪಾರ್ಟ್‌ಮೆಂಟ್ ಬರುತ್ತದಂತೆ. ಮೆಂಗ್‌ನಿಂದ ಹಿಡಿದು ಬಹಳ ಮಂದಿ ಒಪ್ಪಿಯಾಗಿದೆ. ಚಳಿ ಕಳೆದಮೇಲೆ ನಮ್ಮ ಮನೆಯೂ ಇರುವುದಿಲ್ಲ. ನೀನು ಹೋದದ್ದು ನಾವೆಲ್ಲ ಇಲ್ಲಿ ಕ್ಷೇಮವಾಗಿ ಇರಲಿ ಅಂತ ತಾನೇ? ನಾವೂ ಇರುತ್ತಿಲ್ಲ ಅಕ್ಕಾ. ನಿಮ್ಮ ಕಟ್ಟಡದಲ್ಲಿ ನಮ್ಮಿಬ್ಬರಿಗೆ ಸಾಕಾಗುವ ಮನೆ ಖಾಲಿ ಇದೆಯಾ, ವಿಚಾರಿಸು. ನಾನು ಅಲ್ಲಿಗೆ ಬರುವುದು ಬೇಡ ಅನ್ನಿಸಿದರೆ ಮನೆ ಇಲ್ಲ ಅಂತ ಬರೆ. ಅಷ್ಟಾದರೂ ಬರೆ.