ನೆಲದ ಮೇಲೆ ಬಿದ್ದ ಸೂರ್ಯ

ಬೊಲೋನ್ಯ, ಮೇ 1954

ಅಮ್ಮನಿಗೆ ಎರ್ಸೀಲಿಯಾಳ ನಮಸ್ಕಾರ.

ಆಪರೇಷನ್ ಆದ ಅಪ್ಪನ ಕಣ್ಣಿನ ಪಟ್ಟಿಯನ್ನು ಡಾಕ್ಟರು ನಿನ್ನೆ ಬಿಚ್ಚಿದರು. "ಕಾಣಿಸ್ತಿದೆ, ಕಾಣಿಸ್ತಿದೆ" ಎಂದು ಅಪ್ಪ ಅಂದರೂ ನನ್ನ ಸಮಾಧಾನಕ್ಕೆ ಹೇಳುತ್ತಿದ್ದಾರೆ ಅನಿಸಿತು. ಇವತ್ತು ಹರಕೆಯ ಮೇಣದಬತ್ತಿ ಹಚ್ಚಲು ದೊಡ್ಡ ಇಗರ್ಜಿಗೆ ಕರೆದುಕೊಂಡು ಹೋದೆ. ಬತ್ತಿ ಹಚ್ಚುತ್ತಿದ್ದಾಗ ಅಪ್ಪ ಹಿಂದಿನಿಂದ, "ಯಾರೋ ನೆಲದ ಮೇಲೆ ತಟ್ಟೆ ಬೀಳಿಸಿಕೊಂಡಿದಾರೆ ನೋಡೇ" ಎಂದರು. ತಿರುಗಿ ನೋಡಿದರೆ ಮಬ್ಬುಗತ್ತಲ ನೆಲದ ಮೇಲೆ ದುಂಡನೆಯ ಬೆಳಕು. ನಾನು ತೋರಿಸಿರಲಿಲ್ಲ ಅಮ್ಮ, ಅವರೇ ಅದನ್ನು ಕಂಡರು. ನನಗೆ ಅಳು ತಡೆಯಲಾಗಲಿಲ್ಲ.

ಗಂಟೆ ಬಾರಿಸುವ ಮುದುಕ ಹತ್ತಿರ ಬಂದು, "ತಟ್ಟೆಯಲ್ಲ ಯಜಮಾನರೇ, ಸೂರ್ಯ. ಚಾವಣಿಯ ತೂತಿನಿಂದ ಬೀಳ್ತಾನೆ. ನೆಲದಲ್ಲಿ ಕೂರಿಸಿರೋ ಈ ಹಿತ್ತಾಳೆ ಗೆರೆ ಮುಟ್ಟಿದರೆ ನಡುಮಧ್ಯಾಹ್ನ. ಹಿಂದಿನ ಪಂಡಿತರು ವರ್ಷದ ಉದ್ದ ಅಳೆದದ್ದು ಇದರಲ್ಲೇ" ಎಂದ.

"ಕಣ್ಣೆದುರೇ ಜರುಗ್ತಿದಾನಲ್ಲ" ಎಂದರು ಅಪ್ಪ, ನೋಟ ಕೀಳದೆ.

"ಜರುಗ್ತಿರೋದು ಅವನಲ್ಲ, ನಾವು. ಭೂಮಿ ತಿರುಗ್ತಿದೆ. ಹೀಗಂದವರಿಗೆ ಒಂದು ಕಾಲದಲ್ಲಿ ಪಾದ್ರಿಗಳು ಶಿಕ್ಷೆ ಕೊಡ್ತಿದ್ರು. ಈಗ ನಾನು ಇಲ್ಲೇ ನಿಂತು ದಿನಾ ಹೇಳ್ತೀನಿ, ಕೇಳೋರೇ ಇಲ್ಲ."

ಕಣ್ಣಿಗೆ ಒಂದು ತಿಂಗಳು ಔಷಧಿ ಬಿಡಬೇಕಂತೆ, ಬಗ್ಗಿ ಭಾರ ಎತ್ತಕೂಡದಂತೆ. ಮೀನುಬಲೆ ಕೆಲಸಕ್ಕೆ ಚಿಕ್ಕಪ್ಪನಿಗೆ ಹೇಳು. ಭಾನುವಾರದ ರೈಲಿಗೆ ಬರುತ್ತೇವೆ. ಕಾರ್ಡಿನಲ್ಲಿ ಜಾಗವಿಲ್ಲ, ಆದರೂ ಅಪ್ಪ ಪಕ್ಕದಲ್ಲಿ ಕೂತು ಇದನ್ನೂ ಸೇರಿಸು ಎನ್ನುತ್ತಿದ್ದಾರೆ: "ನಾನು ಕೂತಲ್ಲೇ ಕೂತಿರ್ತೀನಿ ಅಂತ ನಿಮ್ಮಮ್ಮ ದಿನಾ ಬೈತಾಳಲ್ಲ, ಇಷ್ಟು ವರ್ಷವೂ ನಾನು ಓಡಾಡ್ತಾನೇ ಇದ್ದೆನಂತೆ ಅಂತ ಬರಿ."

ನಿನ್ನ ಎರ್ಸೀಲಿಯಾ