ಇಪ್ಪತ್ತಮೂರನೇ ಪ್ರಶ್ನೆ

ಗುರುವಾರ, ಮಧ್ಯಾಹ್ನ

ಪ್ರೀತಿಯ ಅಕ್ಕಾ,

ಕ್ಷೇಮ ಎಂದು ಬರೆಯಲು ಕೈ ಬರುತ್ತಿಲ್ಲ. ಈ ಕಾಗದವನ್ನು ಅಂಚೆಗೂ ಹಾಕುತ್ತಿಲ್ಲ. ಗಡಿಯ ಸೇತುವೆ ದಾಟಿ ನಿಮ್ಮ ಕಡೆಗೆ ಸಿಮೆಂಟ್ ಸಾಗಿಸುವ ಲಾರಿ ಡ್ರೈವರ್ ಕೈಯಲ್ಲಿ ಕೊಟ್ಟು ಕಳಿಸುತ್ತಿದ್ದೇನೆ. ಓದಿದ ಮೇಲೆ ಒಲೆಗೆ ಹಾಕು.

ಭಾವನನ್ನೂ ಮಕ್ಕಳನ್ನೂ ಕರೆದುಕೊಂಡು ಈ ದೇಶಕ್ಕೇ ಬಂದುಬಿಡಲೇ, ಎರಡೂ ಕಡೆ ಬದುಕಿದವಳು ನೀನು, ಬಿಚ್ಚಿ ಹೇಳು ಎಂದು ಬರೆದಿದ್ದೀಯ. ಹೇಳುತ್ತೇನೆ. ಇಲ್ಲಿ ಕರೆಂಟ್ ಹೋಗುವುದಿಲ್ಲ. ಯಾವ ಹೊತ್ತಿನಲ್ಲಿ ನಲ್ಲಿ ತಿರುಗಿಸಿದರೂ ನೀರು. ಕೆಲಸಕ್ಕೆಂದು ಇಲ್ಲಿಗೆ ಬಂದು ಆರು ವರ್ಷವಾದರೂ ನಾನು ಮಾತ್ರ ಬೆಳಿಗ್ಗೆ ಎದ್ದ ಕೂಡಲೇ ಬಕೆಟ್ ತುಂಬಿಸಿಡುತ್ತೇನೆ, ನೋಡಿದವರು ನಗುತ್ತಾರೆ. ಆಸ್ಪತ್ರೆಯಲ್ಲಿ ಒಂದು ಹಾಸಿಗೆಗಾಗಿ ಯಾರ ಕೈಕಾಲೂ ಹಿಡಿಯಬೇಕಿಲ್ಲ. ಅಲ್ಲಿ ಅಪ್ಪನನ್ನು ವರಾಂಡದ ನೆಲದ ಮೇಲೆ ಮಲಗಿಸಿದ್ದು ನಿನಗೂ ನೆನಪಿರಬೇಕು.

ಇನ್ನೊಂದನ್ನೂ ಕೇಳು. ನನ್ನ ಕೆಲಸ ನಿನಗೆ ಗೊತ್ತಲ್ಲ, ಮನೆಮನೆಗೆ ಹೋಗಿ ಜನಜೀವನದ ಸಮೀಕ್ಷೆ ಮಾಡುವುದು. ಈ ಸಲದ ಫಾರಂನಲ್ಲಿ ಇಪ್ಪತ್ತಮೂರನೇ ಪ್ರಶ್ನೆ: 'ಪಕ್ಕದ ದೇಶದವರಿಗಿಂತ ನೀವು ಸುಖವಾಗಿದ್ದೀರಾ?' ಪ್ರಶ್ನೆ ಮುಗಿಯುವ ಮೊದಲೇ ಎಲ್ಲರೂ ಹೌದು ಅನ್ನುತ್ತಾರೆ. ನಮ್ಮ ಕೆಳಗಿನ ಮನೆಯ ವಾಚ್ ರಿಪೇರಿ ತಾತ ಮಾತ್ರ ಕಣ್ಣಿಗೆ ಸಿಕ್ಕಿಸಿಕೊಂಡಿದ್ದ ಭೂತಗನ್ನಡಿ ತೆಗೆದು ನಕ್ಕರು.

"ಸೌಕರ್ಯಕ್ಕೇನೂ ಕಮ್ಮಿ ಇಲ್ಲಮ್ಮ. ಆದ್ರೆ ಅಲ್ಲಿ ಕರೆಂಟ್ ಹೋದ್ರೆ ಜನ ಬೀದಿಗೆ ಬಂದು ಮಂತ್ರಿಗೆ ಬಾಯ್ತುಂಬ ಬೈತಾರಂತೆ. ಆ ಸುಖ ನಂಗೆ ಒಂದಿನ ಸಿಕ್ಕಿದ್ರೆ ಸಾಕಿತ್ತು. ಬರ್ಕೋ, ಬರ್ಕೋ!"

ಬರೆದುಕೊಂಡೆ. ಒಂದಕ್ಷರ ಬಿಡದೆ. ಕೆಲಸ ಚೊಕ್ಕಟವಾಗಿರಬೇಕೆಂಬ ಹುಚ್ಚು ನನಗೆ.

ಹತ್ತನೇ ದಿನ ಇಬ್ಬರು ಬಂದು ಅವರನ್ನು ಕರೆದುಕೊಂಡು ಹೋದರು. ಗಲಾಟೆ ಇಲ್ಲ, ಗದರಿಕೆ ಇಲ್ಲ. ತಾತ ಚಪ್ಪಲಿ ಹಾಕಿಕೊಳ್ಳುವವರೆಗೂ ಕಾದರು. ಕಟ್ಟಡದ ಬಾಗಿಲುಗಳು ಒಂದೊಂದಾಗಿ ಮುಚ್ಚಿಕೊಂಡವು. ನನ್ನದೂ. ಸಂಜೆ ಅವರ ಹೆಂಡತಿ ಮೆಟ್ಟಿಲು ಹತ್ತಿ ಬಂದು, "ಅವತ್ತು ಇವ್ರು ಹೇಳಿದ್ದನ್ನ ಬರ್ಕೊಂಡ್ಬಿಟ್ಯಾ ತಾಯಿ?" ಎಂದು ಕೇಳಿದರು. "ಇಲ್ಲಜ್ಜಿ, ಹೌದು ಅಂತಷ್ಟೇ ಬರ್ದೆ" ಅಂದೆ. ನಾಲಿಗೆ ಒಂದಿಷ್ಟೂ ತಡವರಿಸಲಿಲ್ಲ ಅಕ್ಕಾ.

ಸೋಮವಾರ ಮೇಲಧಿಕಾರಿ ಕರೆಸಿದರು. ಕುರ್ಚಿ ಕೊಟ್ಟು, ಟೀ ತರಿಸಿ, "ಆ ಮಾತನ್ನ ಕಿವಿಯಾರೆ ಕೇಳಿದೆ ಅಂತ ಒಂದ್ ಸೈನ್ ಹಾಕಮ್ಮ, ಅಷ್ಟೇ" ಅಂದರು. ಆಮೇಲೆ, ನಿಮ್ಮಕ್ಕನ ಚಿಕ್ಕ ಮಗಳಿಗೆ ಕೆಮ್ಮು ವಾಸಿಯಾಯಿತಾ ಎಂದು ಕೇಳಿದರು. ಆ ಕೆಮ್ಮಿನ ವಿಷಯ ನೀನು ಬರೆದ ಕಾಗದದಲ್ಲಿ ಬಿಟ್ಟರೆ ಬೇರೆಲ್ಲೂ ಇರಲಿಲ್ಲ. ಯೋಚಿಸಿ ಹೇಳುತ್ತೇನೆಂದು ಎದ್ದು ಬಂದೆ. ಅವತ್ತಿನಿಂದ ಮೆಟ್ಟಿಲ ಮೇಲೆ ಹೆಜ್ಜೆ ಸಪ್ಪಳವಾದರೆ ದೀಪ ಆರಿಸಿ ಕೂರುತ್ತೇನೆ.

ಬರಬೇಡ. ಕತ್ತಲಲ್ಲಿ ಕೂತು ಭಾವನ ಜೊತೆ ಜಗಳವಾಡಿಕೊಂಡಾದರೂ ಸರಿ, ಅಲ್ಲೇ ಇರು. ಮಕ್ಕಳಿಗೆ ನನ್ನ ಮುತ್ತು.

ನಿನ್ನ
ತಂಗಿ

ಇನ್ನೊಂದು ಮಾತು: ಎದ್ದು ಬಂದೆ ಅಂದದ್ದು ಸುಳ್ಳು. ಟೀ ಆರುವ ಮೊದಲೇ ಸೈನ್ ಹಾಕಿದೆ. ನಿನ್ನೆ ನನ್ನ ಮುಖ ಬಾಡಿದ್ದು ಕಂಡು ಅಜ್ಜಿ ಬಿಸಿ ಹಾಲು ತಂದುಕೊಟ್ಟು, "ಹೆದರ್ಬೇಡ ಮಗಳೇ, ನಿನ್ ತಪ್ಪೇನಿದೆ" ಎಂದು ತಲೆ ಸವರಿದರು. ಡ್ರೈವರ್ ಹಾರನ್ ಹೊಡೆಯುತ್ತಿದ್ದಾನೆ. ಅವನಿಗೆ ಇದನ್ನು ಕೊಟ್ಟು, ಹಾಗೇ ಅಜ್ಜಿಯ ಬಾಗಿಲು ತಟ್ಟಿ ಎಲ್ಲ ಹೇಳಿಬಿಡುತ್ತೇನೆ.