ಕೆಂಚಯ್ಯನಿಗೆ ಕೊಡದ ಮತಚೀಟಿ

ಹೊಳೆನರಸೀಪುರ
೮ ಮಾರ್ಚ್ ೧೯೬೨

ಮಾಯಮ್ಮನವರಿಗೆ ರಂಗಸ್ವಾಮಿ ಮೇಷ್ಟ್ರು ಮಾಡುವ ವಂದನೆಗಳು.

ಮೊನ್ನೆ ದುದ್ದಕ್ಕೆ ಬಂದಾಗ ನೀವು ನನ್ನನ್ನು ಹೊಸಿಲಿನಾಚೆಯೇ ನಿಲ್ಲಿಸಿದಿರಿ. ಸರಿಯಾಗಿಯೇ ಮಾಡಿದಿರಿ. ನಿಮ್ಮೆದುರು ಎಲ್ಲವನ್ನೂ ಹೇಳಲಾಗಲಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ. ಮಗಳು ಪ್ರೇಮಕುಮಾರಿ ಓದಿ ಹೇಳಲಿ.

ಐವತ್ತೇಳರ ಎಲೆಕ್ಷನ್ನಿಗೆ, ಹಳ್ಳಿಮೈಸೂರಿನ ಹತ್ತಿರ ನೀವು ಆಗ ಇದ್ದ ಊರಿನ ಮತಗಟ್ಟೆಗೆ ನನ್ನನ್ನು ಅಧಿಕಾರಿಯಾಗಿ ಹಾಕಿದ್ದರು. ಹಿಂದಿನ ದಿನವೇ ಪೆಟ್ಟಿಗೆಗಳ ಸಮೇತ ಬಂದು ಪಟೇಲ ನಂಜಪ್ಪನವರ ಮನೆಯಲ್ಲಿ ಇಳಿದುಕೊಂಡೆ. ಅವರು ನಮ್ಮ ಜನ, ದೂರದ ಸಂಬಂಧ. ಬಡಿಸಿದ್ದನ್ನು ಉಂಡೆ. ಅವರು ನನ್ನಿಂದ ಏನೂ ಕೇಳಲಿಲ್ಲ. ಕೇಳುವ ಅಗತ್ಯವೇ ಇರಲಿಲ್ಲ.

ಬೆಳಿಗ್ಗೆ ಬಾಗಿಲು ತೆರೆದ ಒಂದು ಗಂಟೆಯೊಳಗೆ ಪಟೇಲರ ಆಳುಗಳು, ನಂಟರು ಸಾಲಾಗಿ ಬಂದು ನಿಮ್ಮ ಕೇರಿಯವರ ಹೆಸರು ಹೇಳಿ ಓಟು ಹಾಕಿಹೋದರು. ಅವರು ಯಾರೆಂದು ನನಗೆ ಗೊತ್ತಿತ್ತು, ನನ್ನ ಜೊತೆ ಅದೇ ಪಂಕ್ತಿಯಲ್ಲಿ ಕೂತು ಉಂಡವರು. ನಾನು ಪಟ್ಟಿಯಲ್ಲಿ ಗೀಟು ಎಳೆಯುತ್ತಾ ಹೋದೆ.

ಹತ್ತು ಗಂಟೆಯ ಹೊತ್ತಿಗೆ ನಿಮ್ಮ ಯಜಮಾನರು ಬಂದರು. ಒಗೆದ ಅಂಗಿ, ತಲೆಗೆ ಎಣ್ಣೆ. ನಿಮ್ಮ ಓಟು ಆಗಿದೆ ಎಂದೆ. ಇಲ್ಲ, ಹಾಗನ್ನಲಿಲ್ಲ, "ನಿಂದು ಆಗೋಯ್ತು, ನಡಿಯೋ" ಎಂದೆ. ಕೆಂಚಯ್ಯ ಬೆರಳು ಮುಂದೆ ಚಾಚಿದರು. ಶಾಯಿಯ ಗುರುತು ಇರಲಿಲ್ಲ. "ನೋಡಿ ಸಾ, ನಾನು ಆಕಿಲ್ಲ. ಇದ್ಕೆ ಏನಾರ ಕಾನೂನು ಇರ್ಬೇಕಲ್ವಾ ಸಾ?"

ಇತ್ತು ತಾಯಿ. ಚುನಾವಣಾ ಆಯೋಗ ನನ್ನಂಥವರಿಗೆಲ್ಲ ಕಳಿಸಿದ್ದ ಪುಸ್ತಕ ಚೀಲದಲ್ಲೇ ಇತ್ತು. ಒಬ್ಬರ ಹೆಸರಲ್ಲಿ ಇನ್ನೊಬ್ಬರು ಓಟು ಹಾಕಿಹೋಗಿದ್ದರೆ, ನಿಜವಾದವರಿಗೆ ಬೇರೆ ಮತಚೀಟಿ ಕೊಡಬೇಕು, ಅದನ್ನು ಲಕೋಟೆಯಲ್ಲಿಟ್ಟು ಹೆಸರು ಬರೆದುಕೊಳ್ಳಬೇಕು. ಕೆಂಚಯ್ಯನಂಥವರು ಹೀಗೆ ಬಂದು ನಿಲ್ಲಬಹುದೆಂದು ದೆಹಲಿಯಲ್ಲಿ ಯಾರೋ ಮೊದಲೇ ಯೋಚಿಸಿ ಬರೆದಿದ್ದರು. ಆದರೆ ಬಾಗಿಲಲ್ಲಿ ನಂಜಪ್ಪನವರು ನಿಂತಿದ್ದರು. "ಅಂಥ ಕಾನೂನು ಯಾವುದೂ ಇಲ್ಲ" ಎಂದುಬಿಟ್ಟೆ.

ಸೋತ ಅಭ್ಯರ್ಥಿ ತಕರಾರು ಹಾಕಿದರು. ಆಯೋಗ ನೇಮಿಸಿದ ಜಡ್ಜಿ ಹಾಸನದಲ್ಲಿ ವಿಚಾರಣೆಗೆ ಕೂತರು. ಇಡೀ ಕೇರಿಯಿಂದ ಸಾಕ್ಷಿ ಹೇಳಲು ಬಂದದ್ದು ಕೆಂಚಯ್ಯ ಒಬ್ಬರೇ. ಈ ಮನುಷ್ಯ ಮತಗಟ್ಟೆಗೆ ಬಂದು ದೂರು ಹೇಳಿದ್ದು ನಿಜವೇ ಎಂದು ಜಡ್ಜಿ ನನ್ನನ್ನು ಕೇಳಿದರು. ಪ್ರಮಾಣ ಮಾಡಿದ ಬಾಯಲ್ಲೇ, ಈತನನ್ನು ನಾನು ನೋಡಿಲ್ಲ ಎಂದೆ. ಹಿಂದಿನಿಂದ ಕೆಂಚಯ್ಯನ ದನಿ ಬಂತು, "ಮೇಷ್ಟ್ರೇ, ಇತ್ತಗೆ ತಿರುಗಿ ಏಳಿ ಸಾ." ನಾನು ತಿರುಗಲಿಲ್ಲ.

ಅವತ್ತು ಸಂಜೆ ಅವರು ಹಳ್ಳಿಮೈಸೂರಿನಲ್ಲಿ ಬಸ್ಸಿಳಿದು ಊರಿಗೆ ನಡೆಯುವಾಗ ಪಟೇಲರ ಕಡೆಯವರು ಅಡ್ಡಗಟ್ಟಿ ಹೊಡೆದರು. ಮೂರು ದಿನ ನೀವು ಅವರ ಬಾಯಿಗೆ ನೀರು ಬಿಟ್ಟಿರಿ, ನಾಲ್ಕನೆಯ ದಿನ ಅದೂ ಇಳಿಯಲಿಲ್ಲ. ಸುಳ್ಳು ಹೇಳಿದವನಿಗೆ ಯಾರೋ ಕುಡಿದವರು ಹೊಡೆದರಂತೆ ಎಂದು ಊರು ಆಡಿಕೊಂಡಿತು. ಅವರನ್ನು ಸುಳ್ಳುಗಾರ ಮಾಡಿದವನು ನಾನು. ನೀವು ಮಗಳನ್ನು ಕರೆದುಕೊಂಡು ದುದ್ದದ ತವರಿಗೆ ಹೋದಿರಿ ಎಂದು ಕೇಳಿದೆ. ಪಾಠ ಮಾಡಿಕೊಂಡು ಸುಮ್ಮನಿದ್ದೆ, ಐದು ವರ್ಷ.

ಈ ಜನವರಿಯಲ್ಲಿ ಮತ್ತೆ ಎಲೆಕ್ಷನ್ ಡ್ಯೂಟಿಯ ಆರ್ಡರು ಬಂತು. ಅದನ್ನು ಹಿಡಿದುಕೊಂಡು ಹಾಸನದ ಚುನಾವಣಾ ಅಧಿಕಾರಿಯ ಮುಂದೆ ನಿಂತು, ನಡೆದದ್ದೆಲ್ಲ ಬರೆದುಕೊಟ್ಟೆ. "ಮುಗಿದ ಕೇಸು ಮೇಷ್ಟ್ರೇ. ನಿಮಗೆ ಹೆಂಡತಿ ಮಕ್ಕಳಿಲ್ವಾ?" ಎಂದರು. ಇದ್ದಾರೆ ಎಂದೆ. ಕಾಗದ ಆಯೋಗಕ್ಕೆ ಹೋಯಿತು, ನನ್ನನ್ನು ಸಸ್ಪೆಂಡ್ ಮಾಡಿದರು. ಸುಳ್ಳು ಸಾಕ್ಷಿಯ ಕೇಸು ಸೋಮವಾರ ಕೋರ್ಟಿಗೆ ಬರುತ್ತದೆ. ಒಪ್ಪಿಕೊಳ್ಳುತ್ತೇನೆ. ಹೊಡೆದವರ ಮೇಲೆ ಮಾತ್ರ ಕೇಸಿಲ್ಲ. ಕಂಡವರು ಯಾರೂ ಬಾಯಿ ಬಿಡುವುದಿಲ್ಲ.

ಮೊನ್ನೆ ನೀವು ಕೇಳಿದಿರಿ, "ಆವತ್ತು ಏಳ್ಬೇಕಾಗಿದ್ದ ಮಾತ ಇವತ್ತು ಏಳಿದ್ರೆ ನನ್ ಗಂಡ ಎದ್ದು ಬತ್ತಾನಾ?" ಬರುವುದಿಲ್ಲ ತಾಯಿ. ಆದರೆ ಅವರು ಹೇಳಿದ್ದು ನಿಜ ಎಂಬುದು ಕೋರ್ಟಿನ ದಾಖಲೆಗೆ ಸೇರುತ್ತದೆ. ಅದರ ನಕಲು ತೆಗೆಸಿ ಪ್ರೇಮಕುಮಾರಿಯ ಹೆಸರಿಗೆ ಕಳಿಸುತ್ತೇನೆ. ಇಟ್ಟುಕೊಳ್ಳಿ, ಬೇಡವಾದರೆ ಒಲೆಗೆ ಹಾಕಿ. ಅದು ನಿಮಗೆ ಬಿಟ್ಟದ್ದು.

ಕ್ಷಮಿಸಿ ಎಂದು ಕೇಳುತ್ತಿಲ್ಲ. ನಿಮ್ಮ ಮಗಳ ಬಾಳು ತಂಪಾಗಿರಲಿ.

ಇಷ್ಟು ಬರೆದು ಕೈ ಮುಗಿಯುವ,
ರಂಗಸ್ವಾಮಿ